ರ‍್ಯಾಂಡಮ್ ವಾಕ್: ನಿಲ್ಲುವ ಹೊತ್ತಿನ ಎರಡನೇ ಮೊಮೆಂಟ್

ನಾಣ್ಯ ಚಿಮ್ಮಿ ಹೆಡ್ ಬಿದ್ದರೆ ಒಂದು ಹೆಜ್ಜೆ ಮೇಲೆ, ಟೇಲ್ ಬಿದ್ದರೆ ಒಂದು ಹೆಜ್ಜೆ ಕೆಳಗೆ. ಸೊನ್ನೆಯಿಂದ ಹೊರಟು −ಅ ಅಥವಾ ಬ ಮುಟ್ಟಿದ ಕೂಡಲೇ ನಿಲ್ಲಬೇಕು. ನಡಿಗೆ ಇರುವ ಜಾಗ ಸ, ಇಟ್ಟ ಹೆಜ್ಜೆಗಳು ಕ. ಸರಾಸರಿಗೆ ⟨ ⟩ ಗುರುತು ಬಳಸುತ್ತೇನೆ; ನಿಂತಾಗಿನ ⟨ಕ²⟩ ಎಂಬುದೇ ಎರಡನೇ ಮೊಮೆಂಟ್.

ಸ² − ಕ ಮಾರ್ಟಿಂಗೇಲ್ (ಮುಂದಿನ ಹೆಜ್ಜೆಯ ನಂತರದ ಸರಾಸರಿ ಈಗಿನ ಬೆಲೆಯೇ ಆಗಿರುವ ರಾಶಿ) ಆದ್ದರಿಂದ ನಿಂತಾಗ ⟨ಕ⟩ = ⟨ಸ²⟩ = ಅಬ. ಇಷ್ಟು ಸಲೀಸು. ಕ ಎಷ್ಟು ಹರಡಿದೆ ಎಂದು ಹೇಳುವ ವೇರಿಯನ್ಸ್, ಅಂದರೆ ⟨ಕ²⟩ − ⟨ಕ⟩², ಬೇಕೆಂದರೆ ನಾಲ್ಕನೇ ಘಾತದ ಮಾರ್ಟಿಂಗೇಲ್ ಹಿಡಿಯಬೇಕು:

ಸ⁴ − 6ಕಸ² + 3ಕ² + 2ಕ

ಕ ಜಾಗದಲ್ಲಿ ಕ+1, ಸ ಜಾಗದಲ್ಲಿ ಒಮ್ಮೆ ಸ+1, ಒಮ್ಮೆ ಸ−1 ಹಾಕಿ ಸರಾಸರಿ ತೆಗೆಯಿರಿ, ಹಳೆಯದೇ ಮರಳಿ ಬರುತ್ತದೆ. ಎಡವುವುದು ⟨ಕಸ²⟩ ಹತ್ತಿರ. ಅದನ್ನು ⟨ಕ⟩⟨ಸ²⟩ ಎಂದು ಒಡೆಯುವುದು ಅ = ಬ ಆದಾಗ ಮಾತ್ರ ಸರಿ, ಏಕೆಂದರೆ ಆಗ ಸ² ಬದಲಾಗದ ಸಂಖ್ಯೆ. ಉಳಿದಂತೆ, ಯಾವ ಅಂಚಿನಲ್ಲಿ ನಿಂತಿರಿ ಎಂಬುದಕ್ಕೂ ಎಷ್ಟು ಹೊತ್ತಾಯಿತು ಎಂಬುದಕ್ಕೂ ನಂಟಿದೆ.

ಅ = 1, ಬ = 2 ತೆಗೆದುಕೊಳ್ಳಿ. ಒಡೆದರೆ ⟨ಕಸ²⟩ = 4, ವೇರಿಯನ್ಸ್ 2/3. ಆದರೆ ಇಲ್ಲಿ ಪ್ರತಿ ಹೆಜ್ಜೆಗೂ ಆಟ ಮುಗಿಯುವ ಸಂಭವನೀಯತೆ 1/2, ಹಾಗಾಗಿ ನಿಜವಾದ ವೇರಿಯನ್ಸ್ 2!

ಬಿಡಿಸುವ ದಾರಿ ಚೆಂದವಾಗಿದೆ. ನಿಂತ ಜಾಗಗಳು ಎರಡೇ ಇರುವುದರಿಂದ (ಸ+ಅ)(ಸ−ಬ) = 0, ಅಂದರೆ ಸ² = (ಬ−ಅ)ಸ + ಅಬ. ಇದನ್ನು ಕ-ದಿಂದ ಗುಣಿಸಿ ಸರಾಸರಿ ತೆಗೆದರೆ ⟨ಕಸ²⟩ = (ಬ−ಅ)⟨ಕಸ⟩ + ಅಬ⟨ಕ⟩; ಇನ್ನು ⟨ಕಸ⟩ ಸಿಕ್ಕರೆ ಸಾಕು. ಅದನ್ನು ಸ³ − 3ಕಸ ಎಂಬ ಮಾರ್ಟಿಂಗೇಲ್ ಕೊಡುತ್ತದೆ: ⟨ಕಸ⟩ = ⟨ಸ³⟩/3. ನಮ್ಮ ಉದಾಹರಣೆಯಲ್ಲಿ −1 ಮುಟ್ಟುವ ಸಂಭವನೀಯತೆ 2/3, 2 ಮುಟ್ಟುವುದು 1/3. ಹಾಗಾಗಿ ⟨ಸ³⟩ = 2, ⟨ಕಸ⟩ = 2/3, ⟨ಕಸ²⟩ = 2/3 + 4 = 14/3. ⟨ಸ⁴⟩ = 6 ಸೇರಿಸಿದರೆ ⟨ಕ²⟩ = 6, ವೇರಿಯನ್ಸ್ 2. ಅಕ್ಷರಗಳಲ್ಲೇ ಮಾಡಿದರೆ ಅಬ(ಅ² + ಬ² − 2)/3. ಅ = ಬ = 10 ಇದ್ದರೆ ಸರಾಸರಿ 100, ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 81. ಅಷ್ಟು ಹರವಿರುವಾಗ ಬರೀ ಸರಾಸರಿ ಹೇಳಿ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ನಿಂತ ಕ್ಷಣಕ್ಕೆ ಮಾರ್ಟಿಂಗೇಲ್ ಹಚ್ಚಲು ಅನುಮತಿ ಎಲ್ಲಿಂದ? ಎಲ್ಲೇ ಇರಲಿ, ಸತತ ಅ+ಬ ಹೆಡ್ ಬಿದ್ದರೆ ಆಟ ಮುಗಿದೇ ತೀರುತ್ತದೆ. ಆದ್ದರಿಂದ ಬಾಲ (ಆಟ ಬಹಳ ಹೊತ್ತು ಮುಗಿಯದಿರುವ ಸಂಭವನೀಯತೆ) ಘಾತೀಯವಾಗಿ ಕರಗುತ್ತದೆ, ಎಲ್ಲ ಮೊಮೆಂಟ್‌ಗಳೂ ಸೀಮಿತ. ಕೆಳಗಿನ ಅಂಚು ತೆಗೆದು +1ಕ್ಕಾಗಿ ಮಾತ್ರ ಕಾದರೆ ಈ ಅನುಮತಿ ಹೋಗುತ್ತದೆ: ನಡಿಗೆ +1 ಮುಟ್ಟುವುದು ಖಚಿತ, ಆದರೂ ⟨ಕ⟩ ಅನಂತ. ಸಿಮ್ಯುಲೇಷನ್ ಇದನ್ನು ಮುಚ್ಚಿಡುತ್ತದೆ. 10,000 ಹೆಜ್ಜೆಗೆ ಕಡಿದರೆ ಸರಾಸರಿ ಸುಮಾರು 160, 10 ಲಕ್ಷಕ್ಕೆ ಕಡಿದರೆ ಸುಮಾರು 1,600. ಮಿತಿ ನೂರು ಪಟ್ಟಾದಾಗ ಉತ್ತರ ಹತ್ತು ಪಟ್ಟಾದರೆ, ಆ ಸಂಖ್ಯೆ ಹೇಳುತ್ತಿರುವುದು ನೀವಿಟ್ಟ ಮಿತಿಯನ್ನೇ.