ಬಿಳಚಿದ ಕಳೆ ಮಷಿನ್

ಹೊಳಲ್ಕೆರೆ ಕಡೆಯ ನಮ್ಮ ಅಡಿಕೆ ತೋಟದ ಕಳೆ ಹೊಡೆಯೋ ಮಷಿನ್‌ಗೆ ಎಂಜಿನ್ ಗಟ್ಟಿ, ಹಗ್ಗ ಎಳೆದರೆ ಸಾಕು. ಆದರೆ ಬೇಸಿಗೆಯೆಲ್ಲ ಪಂಪ್‌ಸೆಟ್ ಮನೆಯ ಪಡುವಣ ಗೋಡೆಗೆ ಒರಗಿದ್ದು, ಕಿತ್ತಳೆ ಕವರ್ ಬಿಳಚಿ ಮುಟ್ಟಿದರೆ ಕೈಗೆ ಪುಡಿ ಹತ್ತುತ್ತಿತ್ತು. ಕಪ್ಪು ಏರ್ ಫಿಲ್ಟರ್ ಮುಚ್ಚಳ ಬೂದಿ ಬಣ್ಣಕ್ಕೆ ತಿರುಗಿತ್ತು. ಕೊಳ್ಳಲು ಬಂದವನು ಸ್ಟಾರ್ಟ್ ಕೂಡ ಮಾಡದೆ, ಕವರ್ ನೋಡಿಯೇ ಅರ್ಧ ರೇಟು ಕೇಳಿದ.

ಚಳ್ಳಕೆರೆಯಿಂದ ಬಂದಿದ್ದ ಮಾವ, "ಶೇಂಗಾ ಎಣ್ಣೆ ಒರೆಸಪ್ಪ, ಲಕಲಕ ಅಂತದೆ" ಎಂದರು. ಎಣ್ಣೆ ಮಿಲ್ಲುಗಳ ಊರಿನವರು, ಇನ್ನೇನು ಹೇಳಿಯಾರು! ಹೊಳೆಯೋದು ನಿಜ, ಆದರೆ ನಾಲ್ಕು ದಿನ ಅಷ್ಟೇ. ಆಮೇಲೆ ತೋಟದ ದೂಳೆಲ್ಲ ಅದಕ್ಕೇ ಅಂಟುತ್ತದೆ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಅಣುಸರಪಳಿ ಕಡಿದು ಮೇಲಿನ ಪದರವನ್ನು ಸಾಯಿಸಿರುತ್ತದೆ. ಅದನ್ನು ತೆಗೆದರೆ ಒಳಗೆ ಬಣ್ಣ ಇದ್ದೇ ಇದೆ.

ಪೆಟ್ರೋಲ್ ಖಾಲಿ ಮಾಡಿ, ಪ್ಲಗ್ ವೈರ್ ಕಿತ್ತು, ಕವರ್‌ಗಳನ್ನು ಬಿಚ್ಚಿ ಪಾತ್ರೆ ಸೋಪಿನಲ್ಲಿ ತೊಳೆದೆ. ಆಮೇಲೆ ಪೇಂಟರ್‌ಗಳ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪು ಕಾಗದ: 600, 1000, ಕೊನೆಗೆ 2000 ನಂಬರಿನದು. ನಂಬರ್ ಹೆಚ್ಚಿದಷ್ಟೂ ನಯ. ನೀರು ಹನಿಸುತ್ತ ಉಜ್ಜಿದಂತೆ ಮೊದಲು ಹಾಲಿನಂಥ ನೀರು ಇಳಿಯಿತು. ಅದು ಕಿತ್ತಳೆಗೆ ತಿರುಗಿದಾಗ ಜೀವಂತ ಪದರ ಸಿಕ್ಕಿತೆಂದು ಲೆಕ್ಕ. "ಮದುವೆಗೆ ಕಳಿಸ್ತೀಯೇನೋ?" ಎಂದರು ಮಾವ.

ಏರ್ ಫಿಲ್ಟರ್ ಮುಚ್ಚಳದ ಮೈ ತರಿತರಿ. ಉಜ್ಜಿದರೆ ಆ ವಿನ್ಯಾಸವೇ ಹೋಗುತ್ತದೆ. ಅದಕ್ಕೆ ಪೆಟ್ರೋಲ್‌ನಿಂದ ದೂರ ಕೂತು ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದೆ, ಒಂದೇ ಜಾಗದಲ್ಲಿ ನಿಲ್ಲಿಸದೆ. ನಿಂತರೆ ಕರಗುತ್ತದೆ. ಬೂದಿ ಕಣ್ಣೆದುರೇ ಕಪ್ಪಾಯಿತು, ಆದರೆ ಇದು ಶಾಶ್ವತವಲ್ಲ. ಬಿಸಿಲಿಗಿಟ್ಟರೆ ಮತ್ತೆ ಅದೇ ಕಥೆ. ಕೊನೆಗೆ ಎರಡಕ್ಕೂ ಬಿಸಿಲು ತಡೆಯುವ ಪಾಲಿಶ್. ಹಿಡಿ ಮತ್ತು ಆಕ್ಸಲರೇಟರ್‌ಗೆ ಮಾತ್ರ ಮುಟ್ಟಿಸಲಿಲ್ಲ. ಬ್ಲೇಡ್ ತಿರುಗುವಾಗ ಕೈ ಜಾರಿದರೆ ಅಂದಚೆಂದ ಯಾರಿಗೆ ಬೇಕು?

ಬ್ಲೇಡ್ ಗಾರ್ಡ್ ಬೇರೆಯೇ ಮಾತು. ಸ್ವಲ್ಪ ಬಗ್ಗಿಸಿದೆ, ಚಿಟ್ ಅಂದಿತು. ಬೋಲ್ಟಿನ ಸುತ್ತ ಕೂದಲೆಳೆ ಬಿರುಕು. ಸಿಡಿಯುವ ಕಲ್ಲನ್ನು ಕಾಲಿಗೆ ಬಡಿಯದಂತೆ ತಡೆಯೋದು ಅದೇ. ಬಣ್ಣ ಕಳೆದುಕೊಂಡ ಪ್ಲಾಸ್ಟಿಕ್ ಬೇರೆ, ಕಸುವು ಕಳೆದುಕೊಂಡದ್ದು ಬೇರೆ. ಅದನ್ನು ಗುಜರಿಗೆ ಹಾಕಿ, ಚಿತ್ರದುರ್ಗದಿಂದ ಹೊಸದು ತಂದು ಕೂರಿಸಿದೆ.

ಅರ್ಧ ರೇಟಿನವನು ಮತ್ತೆ ಬಂದು ಈ ಸಲ ಪೂರ್ತಿ ರೇಟು ಹೇಳಿದ. ಅಪ್ಪ, "ಗಾರ್ಡಿನ ದುಡ್ಡೂ ಸೇರಿಸ್ಕೊಂಡು ಹೇಳಪ್ಪ" ಎಂದರು.