ಅವ್ವನ ಕೈಯ ಎರಡು ಚಿತ್ರ

ಅವ್ವನ ಕೆನ್ನೆ ಮೇಲೆ ಕಡಲೆಕಾಳಿನಷ್ಟು ಕಂದು ಮಚ್ಚೆ ಎದ್ದಿತ್ತು. ಅಣ್ಣಿಗೇರಿ ಕಡೆಯ ಎರೆ ಹೊಲದಲ್ಲಿ ಹೆಸರು, ಕಡಲೆ, ಮೆಣಸಿನಕಾಯಿ ಅಂತ ಮದುವೆಯಾದಾಗಿನಿಂದ ದುಡಿದವಳು. "ವಯಸ್ಸಾತು, ಬರತಾವ ಬಿಡು" ಅಂತಿದ್ದಳು. ಓಣಿಯಲ್ಲಿ ಯಾರೋ "ಕೊಯ್ದು ಪರೀಕ್ಷೆ ಮಾಡ್ತಾರ" ಅಂದಿದ್ದೇ ತಡ, ಹುಬ್ಬಳ್ಳಿಗೆ ಬರೋದೇ ಇಲ್ಲ ಅಂತ ಕೂತಳು. ಹೇಗೋ ಒಪ್ಪಿಸಿ ಕರೆತಂದೆ.

ಚರ್ಮದ ಡಾಕ್ಟರು ಬ್ಲೇಡು ಮುಟ್ಟಲೇ ಇಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಡರ್ಮೋಸ್ಕೋಪನ್ನು ಮೊಬೈಲಿಗೆ ಜೋಡಿಸಿ ಮಚ್ಚೆ ಮೇಲಿಟ್ಟರು. ಅದು ಚರ್ಮವನ್ನು 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅದರ ಪೋಲರೈಸ್ಡ್ ಬೆಳಕಿನಲ್ಲಿ ಮೇಲಿನ ಹೊಳಪು ಹೋಗಿ ಒಳಗಿನ ಬಣ್ಣ, ಸಣ್ಣ ರಕ್ತನಾಳ ಕಾಣುತ್ತವೆ. ಇದು ಬಿಸಿಲಿನ ಮಚ್ಚೆ, ಹೆದರಬೇಡಿ ಅಂದರು. ಅನುಮಾನ ಬಂದಿದ್ದರೆ ಮಾತ್ರ ಚೂರು ತೆಗೆದು ನೋಡಬೇಕಿತ್ತಂತೆ.

"ಹಂಗಾರ ಇದು ವಯಸ್ಸಿಂದ ಅಲ್ಲೇನ್ರಿ?" ಅವ್ವ ಕೇಳಿಯೇಬಿಟ್ಟಳು.

ಆಗ ಡಾಕ್ಟರು ಅವಳ ಮುಂಗೈ ಹೊರಭಾಗದ್ದೊಂದು, ತೋಳಿನ ಒಳಭಾಗದ್ದೊಂದು ಚಿತ್ರ ತೆಗೆದು ಅಕ್ಕಪಕ್ಕ ಇಟ್ಟರು. ಹೊರಗಿನದರಲ್ಲಿ ಕಂದು ಕಲೆಗಳು, ನಡುನಡುವೆ ಬಿಳಿ ಚುಕ್ಕೆ, ಎರೆ ಬಿರುಕು ಬಿಟ್ಟಂಥ ಗೆರೆ. ಒಳಗಿನದು ಒಂದೇ ಬಣ್ಣ, ನುಣುಪು. ಎರಡೂ ಅವ್ವನದೇ ಚರ್ಮ, ಎರಡಕ್ಕೂ ಅಷ್ಟೇ ವಯಸ್ಸು! ನಾನು ಬಹಳ ಹೊತ್ತು ಆ ಪರದೆಯನ್ನೇ ನೋಡಿದೆ. ಇಷ್ಟು ವರ್ಷ ನಾವು ವಯಸ್ಸು ಅಂದುಕೊಂಡಿದ್ದರಲ್ಲಿ ಎಷ್ಟೋ ಪಾಲು ದುಡಿಮೆಯದು.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಕಿರಣಗಳಿರುತ್ತವೆ. ಅದರಲ್ಲಿ ಯುವಿಬಿ ಅನ್ನೋದು ಹೆಚ್ಚಾಗಿ ಮೇಲ್ಪದರಕ್ಕೆ ತಾಗುತ್ತದೆ. ಯುವಿಎ ಅನ್ನೋದು ಇನ್ನೂ ಆಳಕ್ಕಿಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಳೆಗಳನ್ನು ಕೆಡಿಸುತ್ತದೆ. ಈ ಕೇಡನ್ನು ಅಲ್ಟ್ರಾಸೌಂಡಿನಲ್ಲೂ ನೋಡಬಹುದಂತೆ. ಹೊಟ್ಟೆಗೆ ಬಳಸುವುದಲ್ಲ, 20 ಮೆಗಾಹರ್ಟ್ಸ್‌ನಷ್ಟು ಹೆಚ್ಚಿನ ಆವರ್ತನದ ತರಂಗದ್ದು. ಒಳ್ಳೆಯ ಕೊಲಾಜನ್ ಬೆಳ್ಳಗೆ ಕಾಣುತ್ತದೆ. ಬಿಸಿಲಿಗೆ ಕೆಟ್ಟ ಕಡೆ ಮೇಲ್ಪದರದ ಕೆಳಗೇ ಒಂದು ಕಪ್ಪು ಪಟ್ಟಿ. ನಮ್ಮಂಥ ಕಂದು ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಜಾಸ್ತಿ, ಅದಕ್ಕೇ ಸುಕ್ಕು ತಡವಾಗಿ ಬರುತ್ತದೆ, ಕಲೆ ಮೊದಲು ಬರುತ್ತದೆ.

ಅವ್ವ ಹೊಲಕ್ಕೆ ಹೋಗುವಾಗ ಸೀರೆ ಮೇಲೆ ಅಪ್ಪನ ಹಳೇ ಅಂಗಿ ಹಾಕುತ್ತಾಳೆ, ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳೂ ಹಾಗೇ ಅಲ್ವಾ. ಆದರೆ ತೋಳು ಮೊಳಕೈವರೆಗೆ ಮಡಚಿರುತ್ತಾಳೆ. ಅಂಗಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಕಲೆ ಶುರು. ಡಾಕ್ಟರು ಅದನ್ನು ಬೆರಳಿಟ್ಟು ತೋರಿಸಿ, ತೋಳು ಬಿಡಿಸಿ ಹಾಕ್ಕೊಳ್ಳಿ, ಮುಖಕ್ಕೆ ಸೆರಗು ಮುಂದೆ ಎಳ್ಕೊಳ್ಳಿ, ಕ್ರೀಮು ಆಮೇಲಿನ ಮಾತು ಅಂದರು. ಎಷ್ಟು ಸರಿಯಾದ ಮಾತು. ಹೊಲದ ಬೆವರಿನಲ್ಲಿ ಕ್ರೀಮು ಎಷ್ಟು ಹೊತ್ತು ನಿಂತೀತು?

ಚಿತ್ರ ಇಟ್ಟುಕೊಂಡಿರ್ತೀನಿ, ಮುಂದಿನ ಸಲ ಇದೇ ಜಾಗದ್ದು ತೆಗೆದು ಹೋಲಿಸೋಣ ಅಂದರು. ಬಾಗಿಲವರೆಗೆ ಬಂದಿದ್ದ ಅವ್ವ ತಿರುಗಿ ನಿಂತಳು. "ಕೊಯ್ಯೂದಿಲ್ಲಂದ್ರ, ನಮ್ಮ ಓಣಿ ಹೆಣ್ಮಕ್ಕಳನ್ನೂ ಕರ್ಕೊಂಡ್ ಬರ್ಲೇನ್ರಿ?"