ಒಂದು ವಾಶರ್, ಮತ್ತೆ ಪಂಪ್‌ವೆಲ್‌ನ ನೀರು

ಭಾವನ ಫೋರ್ಡ್ ಮಸ್ಟಾಂಗ್ ಕಾರಿಗೆ ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ಬಲ ಹೆಚ್ಚಿಸುವ ಪಂಪು) ಕೂರಿಸಿದ್ದನ್ನು ಬರಿ ಅಂತ ನಾಲ್ಕೈದು ಜನ ಕೇಳಿದ್ದರು. ಕೂರಿಸಿದ್ದು ದೊಡ್ಡ ಕತೆಯೇನಲ್ಲ. ಮಂಗಳೂರು ಬೈಕಂಪಾಡಿಯ ಒಂದು ಶೆಡ್ಡು, ನಾವು ಮೂರು ಜನ, ಮೂರು ದಿನ, ಲೆಕ್ಕವಿಲ್ಲದಷ್ಟು ಚಾ. ಕತೆ ಶುರುವಾದದ್ದು ಆಮೇಲೆ.

ಕಾರು 5 ಲೀಟರಿನ ವಿ8. ಕಂಪನಿಯಿಂದ ಬರುವಾಗಲೇ 400 ಕುದುರೆಯ (ಹಾರ್ಸ್‌ಪವರ್) ಹತ್ತಿರ. "ಇಷ್ಟು ಸಾಲದಾ ಭಾವ?" ಅಂತ ಕೇಳಿದೆ. "ಸಾಕು, ಆದ್ರೂ..." ಅಂದರು. ಆ "ಆದ್ರೂ"ಗೆ ಮದ್ದಿಲ್ಲ.

ಅವರು ತರಿಸಿದ್ದು ಸೆಂಟ್ರಿಫ್ಯೂಗಲ್ ಕಿಟ್. ನೋಡಲಿಕ್ಕೆ ಟರ್ಬೋದ ಹಾಗೆ ಬಸವನಹುಳುವಿನ ಚಿಪ್ಪು, ಆದರೆ ಇದನ್ನು ತಿರುಗಿಸುವುದು ಎಕ್ಸಾಸ್ಟ್ ಗಾಳಿಯಲ್ಲ, ಎಂಜಿನ್ನಿನ ಕ್ರ್ಯಾಂಕಿನಿಂದ ಬರುವ ಬೆಲ್ಟ್. ಒಳಗೆ ವೇಗ ಹೆಚ್ಚಿಸುವ ಗೇರ್ ಉಂಟು, ಎಂಜಿನ್ ನಿಮಿಷಕ್ಕೆ 6,500 ಸುತ್ತು ಓಡುವಾಗ ಗಾಳಿ ತಳ್ಳುವ ಚಕ್ರ 40,000 ದಾಟಿರುತ್ತದೆ. ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್‌ನಲ್ಲಿ ಇದ್ದದ್ದೂ ಇದೇ ಜಾತಿಯದ್ದು, ಅಲ್ಲಿ ಬೆಲ್ಟ್ ಬದಲು ನೇರ ಗೇರ್, ಅಷ್ಟೇ.

ಇದರ ಸ್ವಭಾವ ಗೊತ್ತಿರಬೇಕು. ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಪೂರ್ತಿ ವೇಗದಲ್ಲಿ 7 ಪಿಎಸ್‌ಐ (ಒತ್ತಡದ ಅಳತೆ) ಬೂಸ್ಟ್, ಅಂದರೆ ಹೆಚ್ಚುವರಿ ಗಾಳಿಯೊತ್ತಡ, ಇದ್ದರೆ ಅರ್ಧ ವೇಗದಲ್ಲಿ 2 ಪಿಎಸ್‌ಐ ಕೂಡ ಇರುವುದಿಲ್ಲ. ಊರೊಳಗೆ ನಿಧಾನಕ್ಕೆ ಹೋಗುವಾಗ ಹಳೆಯ ಕಾರೇ. ಇದು ಕೊರತೆ ಅನ್ನುವವರಿದ್ದಾರೆ. ಜೂನ್ ತಿಂಗಳಲ್ಲಿ, ಒದ್ದೆ ಕಾಂಕ್ರೀಟ್ ಮೇಲೆ, ಹಿಂದಿನ ಚಕ್ರಕ್ಕೆ ಬಲ ಹೋಗುವ ಕಾರು ಓಡಿಸಿದವರು ಹಾಗೆ ಹೇಳಲಿಕ್ಕಿಲ್ಲ. ಕಡಿಮೆ ವೇಗದಿಂದಲೇ ಎಳೆಯುವ ರೂಟ್ಸ್ ಥರದ ಸೂಪರ್‌ಚಾರ್ಜರ್ ಹಾಕಿದ್ದರೆ ಕದ್ರಿ ಇಳಿಜಾರಿನಲ್ಲಿ ಬಾಲ ಆಡಿಸುತ್ತಿತ್ತು.

ಸರಿ, ವಾಶರ್ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ದಿನ ಓಡಿಸಿದರೆ 5,000 ಸುತ್ತಿನ ವರೆಗೆ ಚೆಂದ, ಅಲ್ಲಿಂದ ಮೇಲೆ ಬೂಸ್ಟ್ ಏರುವ ಬದಲು ಇಳಿಯುತ್ತಿತ್ತು. ಭಾವ ಟ್ಯೂನಿಂಗ್ ಸರಿ ಇಲ್ಲ ಅಂದರು. ನಾನು ಪೈಪಿನಲ್ಲಿ ಗಾಳಿ ಸೋರುತ್ತಿದೆ ಅಂತ ಒಂದೊಂದೇ ಕ್ಲ್ಯಾಂಪ್ ಬಿಚ್ಚಿ ಹಾಕಿದೆ, ಸುಮ್ನೆ ಅರ್ಧ ದಿನ ಹೋಯಿತು. ಮೆಕ್ಯಾನಿಕ್ ಅಣ್ಣ ಮಾತ್ರ ಮಾತಾಡದೆ ಬಾನೆಟ್‌ನ ಒಳಬದಿಗೆ ಬೆರಳು ಒರೆಸಿ ತೋರಿಸಿದರು. ಕಪ್ಪು ಪುಡಿ. "ಬೆಲ್ಟ್ ಜಾರ್ತಾ ಉಂಟು ಮಾರಾಯ, ನೀನೆಂತ ಪೈಪ್ ಹುಡುಕುದು?"

ಪುಲ್ಲಿಗಳಿಗೆ ಅಡ್ಡ ಒಂದು ನೇರ ಪಟ್ಟಿ ಹಿಡಿದು ನೋಡಿದರೆ ಸೂಪರ್‌ಚಾರ್ಜರಿನದ್ದು 3 ಮಿಲಿಮೀಟರ್ ಹಿಂದೆ. ಬ್ರಾಕೆಟ್ ಹಿಂದೆ ಹೋಗಬೇಕಾದ ದಪ್ಪ ವಾಶರ್ ನನ್ನ ಶರ್ಟಿನ ಜೇಬಿನಲ್ಲೇ ಇತ್ತು! ಬೆಲ್ಟ್ ಜಾರಿದರೆ ಬಿಗಿ ಮಾಡಿಬಿಡುವ ಅಂತ ಎಲ್ಲರಿಗೂ ಅನಿಸುತ್ತದೆ. ಹಾಗೆ ಮಾಡಿದರೆ ಬೇರಿಂಗ್ ಬೇಗ ಹೋಗುತ್ತದೆ. ಮೊದಲು ಸಾಲು ನೋಡಬೇಕು, ಬಿಗಿ ಆಮೇಲೆ.

ಇನ್ನು ಸೆಕೆ. ಹೊರಗೆ 32 ಡಿಗ್ರಿ ಇರುವಾಗ ಗಾಳಿಯನ್ನು 7 ಪಿಎಸ್‌ಐಗೆ ಒತ್ತಿದರೆ ಅದು ಸುಮಾರು 80 ಡಿಗ್ರಿ ದಾಟಿಯೇ ಹೊರಬರುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರ್ ಉಂಟು, ಆದರೆ ನಂತೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಾಗ ಅದಕ್ಕೆ ಗಾಳಿ ಎಲ್ಲಿಂದ? ಈ ಎಂಜಿನ್ನಿನ ಕಂಪ್ರೆಷನ್ ಮೊದಲೇ 11ಕ್ಕೆ 1. ಬಿಸಿ ಗಾಳಿ, ಅದರ ಮೇಲೆ ಬೂಸ್ಟ್, ಜೊತೆಗೆ ಸಾದಾ ಪೆಟ್ರೋಲ್ ಸೇರಿದರೆ ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ಬರುವುದೇ. ಹಾಗಾಗಿ ಕಿಡಿ ಹಾರುವ ಟೈಮಿಂಗ್ ಸ್ವಲ್ಪ ತಡ ಮಾಡಿದೆವು, ಒಂದು ಹಂತ ತಣ್ಣನೆಯ (ಬಿಸಿ ಬೇಗ ಬಿಡುವ) ಸ್ಪಾರ್ಕ್ ಪ್ಲಗ್ ಹಾಕಿ ಗ್ಯಾಪ್ 0.8 ಮಿಲಿಮೀಟರಿಗೆ ಇಳಿಸಿದೆವು, ಇಂಜೆಕ್ಟರ್ ದೊಡ್ಡದು. ಈಗ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುವುದರಿಂದ ಇಂಧನ ಇನ್ನೂ ಜಾಸ್ತಿ ಬೇಕು, ಅದನ್ನು ಲೆಕ್ಕ ಹಿಡಿಯದೆ ಟ್ಯೂನ್ ಮಾಡಿದರೆ ಪಿಸ್ಟನ್ ಕತೆ ಮುಗಿಯಿತು. ಆರ್‌ಟಿಒ, ಇನ್ಶೂರೆನ್ಸ್ ಬಗ್ಗೆ ಕೇಳಬೇಡಿ, ಅದು ಭಾವನ ತಲೆನೋವು.

ಕಿಟ್ ಮಾಡಿದವರು ನಮ್ಮ ಮಳೆ ನೋಡಿದವರಲ್ಲ ಅಂತ ಗೊತ್ತಾದದ್ದು ಏರ್ ಫಿಲ್ಟರ್ ನೋಡಿದಾಗ. ಅದನ್ನು ಫೆಂಡರ್ ಒಳಗೆ, ಚಕ್ರದ ಮುಂದೆ, ಕೆಳಗೆ ಇಟ್ಟಿದ್ದಾರೆ. ತಣ್ಣನೆ ಗಾಳಿಗೆ ಅದೇ ಒಳ್ಳೆಯ ಜಾಗ, ಒಪ್ಪುತ್ತೇನೆ. ಆದರೆ ಪಂಪ್‌ವೆಲ್‌ನಲ್ಲಿ, ಕೊಟ್ಟಾರ ಚೌಕಿಯಲ್ಲಿ ಒಂದು ಗಂಟೆ ಮಳೆ ಬಿದ್ದರೆ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ನಮಗೆ ಗೊತ್ತಲ್ವಾ. ಅಲ್ಲಿ ಒಮ್ಮೆ ನೀರು ಎಳೆದರೆ ಕನೆಕ್ಟಿಂಗ್ ರಾಡ್ ಬಗ್ಗಲಿಕ್ಕೆ ಒಂದು ಸುತ್ತು ಸಾಕು, ನೀರನ್ನು ಗಾಳಿಯ ಹಾಗೆ ಒತ್ತಲಿಕ್ಕೆ ಆಗುವುದಿಲ್ಲ. ಅಣ್ಣ ಪೈಪ್ ಕತ್ತರಿಸಿ, ಬೇರೆ ಬೆಂಡ್ ಹಾಕಿ, ಫಿಲ್ಟರನ್ನು ಹೆಡ್‌ಲೈಟ್ ಹಿಂದೆ ಮೇಲಕ್ಕೆ ತಂದರು. ಅಲ್ಲಿ ಗಾಳಿ ಸ್ವಲ್ಪ ಬಿಸಿ, ನಾಲ್ಕು ಕುದುರೆ ಹೋಗಿರಬಹುದು. ಹೋಗಲಿ.

ಇಷ್ಟೆಲ್ಲ ಮಾಡಿದ ಮೇಲೂ ಮೋಡ ಕಂಡರೆ ಭಾವ ಅಕ್ಕನ ಆಲ್ಟೋ ಕೀ ತೆಗೆದುಕೊಳ್ಳುತ್ತಾರೆ.